ಕೊಟ್ಟು ತಂದ ಹುಡುಗಿ

ಹಾಜರಿ ಪುಸ್ತಕ ನನ್ನ ಕೈಯಿಂದ ಹೋದ ದಿನ ನಾನು ಮನೆಗೆ ಬಂದು ಊಟ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸ ಕೇಳಿ ನೀವು ನನ್ನನ್ನು ಕೆಟ್ಟ ಹುಡುಗಿ ಅಂದುಕೊಳ್ಳಬಹುದು. ಅಂದುಕೊಳ್ಳಿ. ಆದರೆ ಐದನೆಯ ತರಗತಿಯಿಂದ ಒಂದು ಸಲವೂ ಮೊದಲ ನಂಬರು ಬಿಟ್ಟುಕೊಡದವಳ ಹೊಟ್ಟೆ ಹೇಗೆ ಉರಿಯುತ್ತದೆ ಅನ್ನುವುದನ್ನೂ ಸ್ವಲ್ಪ ಯೋಚಿಸಿ ಅಂದುಕೊಳ್ಳಿ.

ಮಾನ್ವಿಯ ನಮ್ಮ ಹೈಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಮೊದಲ ನಂಬರು ಬಂದವರು ದಿನಾ ಬೆಳಿಗ್ಗೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಬೀರು ತೆಗೆದು, ಹಾಜರಿ ಪುಸ್ತಕ ತಂದು, ಮಾಸ್ತರು ಬರುವುದರೊಳಗೆ ಎಲ್ಲರ ಹೆಸರು ಕೂಗಬೇಕು. ನಮ್ಮಪ್ಪ ಅಯ್ಯಣ್ಣ ನಿಜಾಮನ ಕಾಲದಲ್ಲಿ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು, ಕಿಟಕಿಯಿಂದ ಬಂದಷ್ಟು ಅಕ್ಷರ ಕಲಿತವನು. ಕಷ್ಟಪಟ್ಟು ತಹಶೀಲ್ ಕಚೇರಿಯಲ್ಲಿ ಗುಮಾಸ್ತನಾದ. ಅವನ ಮಗಳು ಪಾರ್ವತೆಮ್ಮ, ಅಂದರೆ ನಾನು, ಒಳಗೆ ಹೋಗಿ ಬೀರು ತೆಗೆದು, ದೊಡ್ಡ ದೊಡ್ಡ ಮನೆಯ ಮಕ್ಕಳ ಹೆಸರು ಕೂಗಿ ಅವರಿಂದ 'ಹಾಜರ್' ಅನ್ನಿಸುತ್ತಿದ್ದೆ. ಅದು ಅಪ್ಪನಿಗೆ ಎಷ್ಟು ದೊಡ್ಡದಾಗಿತ್ತು ಅಂದರೆ, ಕಚೇರಿಗೆ ಹೋಗುವಾಗ ಶಾಲೆಯ ಗೋಡೆಯ ಪಕ್ಕ ಸೈಕಲ್ ನಿಲ್ಲಿಸಿ ನನ್ನ ದನಿ ಕೇಳಿ ಹೋಗುತ್ತಿದ್ದ.

೧೯೮೧ರ ದೀಪಾವಳಿ ಆದ ಮೇಲೆ ಆ ಪುಸ್ತಕ ಡೆನ್ಮಾರ್ಕ್ ದೇಶದ ಕಿರ್ಸ್ಟನ್ ಎಂಬ ಹುಡುಗಿಯ ಕೈಗೆ ಹೋಯಿತು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳು ಪುಸ್ತಕ ಹಿಡಿದು ನಿಲ್ಲುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಬಗ್ಗಿ ನೋಡಿ ಹೆಸರು ಕೂಗುತ್ತಿದ್ದೆ. ಇದು ನ್ಯಾಯವೇ ನೀವೇ ಹೇಳಿ.

ಅವಳು ನಮ್ಮ ಮನೆಗೆ ಬಂದದ್ದು ನನ್ನ ಅಕ್ಕ ಕನಕಮ್ಮನ ಬದಲಿಗೆ. ಕನಕಕ್ಕ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಅಲ್ಲಿನ ಒಂದು ಕ್ಲಬ್ಬಿನವರು ಪ್ರಬಂಧ ಸ್ಪರ್ಧೆ ಇಟ್ಟು, ಗೆದ್ದವರನ್ನು ಆರು ತಿಂಗಳು ಡೆನ್ಮಾರ್ಕಿಗೆ ಕಳಿಸುತ್ತೇವೆ, ಅಲ್ಲಿನ ಒಬ್ಬ ಹುಡುಗಿ ಇಲ್ಲಿಗೆ ಬರುತ್ತಾಳೆ ಅಂದರು. ಅಕ್ಕ ಗೆದ್ದಳು. ಅಪ್ಪ ಹಿಗ್ಗಿ ಹೀರೇಕಾಯಿ ಆದ. ಅವ್ವ ತಿಮ್ಮವ್ವ ಮಾತ್ರ ಎರಡು ದಿನ ಬಾಯಿ ಬಿಡದೆ ಜೋಳದ ಹಿಟ್ಟು ನಾದಿದಳು. ಮೂರನೆಯ ದಿನ ಕೇಳಿದಳು:

"ಅವರ ಹುಡುಗಿ ಯಾರ ಮನ್ಯಾಗ ಇರ್ತಾಳ?"

"ನಮ್ಮ ಮನ್ಯಾಗ. ನಮ್ಮ ಹುಡುಗಿ ಅವರ ಮನ್ಯಾಗ," ಅಂದ ಅಪ್ಪ.

"ಮೊದಲs ಹೇಳಬಾರದೇನು ಹಂಗಾರ? ಕಳಸ್ರಿ."

ಅವ್ವ ಒಪ್ಪಿದ್ದು ಯಾಕೆ ಅಂತ ಆಗ ನನಗೆ ತಿಳಿದಿರಲಿಲ್ಲ. ನಮ್ಮ ಕಡೆ ಕೊಟ್ಟು ತರುವ ಸಂಬಂಧ ಅಂತ ಇದೆ. ನಿಮ್ಮ ಮನೆಯ ಹೆಣ್ಣು ನಮಗೆ, ನಮ್ಮ ಮನೆಯ ಹೆಣ್ಣು ನಿಮಗೆ, ಎರಡೂ ಮದುವೆ ಒಂದೇ ಹಂದರದಲ್ಲಿ. ಅವ್ವ ಬಾಗಲವಾಡದಿಂದ ಅಪ್ಪನ ಮನೆಗೆ ಬಂದದ್ದು ಹಾಗೆ. ಅದೇ ದಿನ ಅಪ್ಪನ ತಂಗಿ ಯಮನಮ್ಮತ್ತೆ ಅವ್ವನ ಅಣ್ಣನ ಹೆಂಡತಿಯಾಗಿ ಬಾಗಲವಾಡಕ್ಕೆ ಹೋದಳು. ಇದರಲ್ಲಿ ಯಾರೂ ಬರೆದಿಡದ ಒಂದು ಕಾನೂನು ಇದೆ. ಈ ಮನೆಯಲ್ಲಿ ಒಬ್ಬಳು ಅತ್ತರೆ ಆ ಮನೆಯಲ್ಲಿ ಇನ್ನೊಬ್ಬಳು ಅಳಬೇಕು. ಮದುವೆಯಾದ ವರ್ಷ ಅಪ್ಪ ಯಾವುದೋ ಮಾತಿಗೆ ಸಿಟ್ಟಾಗಿ ಅವ್ವನನ್ನು ತವರಿಗೆ ಕಳಿಸಿದನಂತೆ. ಮೂರನೆಯ ದಿನಕ್ಕೆ ಏನೂ ತಪ್ಪು ಮಾಡದ ಯಮನಮ್ಮತ್ತೆ ಗಂಟು ಹೊತ್ತು ಮಾನ್ವಿಗೆ ಬಂದಿಳಿದಳಂತೆ. ಹಿರಿಯರು ಸೇರಿ ರಾಜಿ ಮಾಡಿಸಿ ಇಬ್ಬರನ್ನೂ ಒಂದೇ ದಿನ ಬಂಡಿ ಹತ್ತಿಸಿದರು. ಕವಿತಾಳದ ಹತ್ತಿರ ಎರಡೂ ಬಂಡಿ ಎದುರಾದವು. ಇಬ್ಬರೂ ಇಳಿದು, ಒಂದೇ ತಂಬಿಗೆಯಿಂದ ನೀರು ಕುಡಿದು, ಸಾಕಷ್ಟು ಅತ್ತು, ತಮ್ಮ ತಮ್ಮ ಗಂಡಂದಿರ ಮನೆಗೆ ಹೋದರು.

ಡೆನ್ಮಾರ್ಕಿನ ವ್ಯವಹಾರವೂ ಇದೇ ಅಂತ ಅವ್ವ ತಿಳಿದಳು. ಅಪ್ಪ ಎಷ್ಟು ಬಿಡಿಸಿ ಹೇಳಿದರೂ ಅವಳು ಬದಲಾಗಲಿಲ್ಲ. "ನಮ್ಮ ಹುಡುಗಿ ಅವರ ಕೈಯಾಗ ಅದಾಳ. ಇಕಿ ಕಣ್ಣಾಗ ಒಂದು ಹನಿ ಬಂದರ ಅಲ್ಲಿ ಕನಕನ ಕಣ್ಣಾಗ ಬರ್ತದ," ಅಂದಳು.

ಕಿರ್ಸ್ಟನ್ ಬಂದಳು. ಹದಿನಾರು ವರ್ಷ, ಬಾಗಿಲಿನಷ್ಟು ಎತ್ತರ. ಕಾಲೇಜಿಗೆ ಹೋಗುವ ವಯಸ್ಸು, ಆದರೆ ಕಾಲೇಜು ರಾಯಚೂರಿನಲ್ಲಿ, ಅವಳು ನಮ್ಮ ಮನೆಯಲ್ಲೇ ಇರಬೇಕು ಅನ್ನುವುದು ಕ್ಲಬ್ಬಿನ ನಿಯಮ. ಹಾಗಾಗಿ ನೋಡಿಕೊಳ್ಳಲು ನಾನಿದ್ದೇನೆ ಅಂತ ನನ್ನ ಒಂಬತ್ತನೆಯ ತರಗತಿಗೇ ಹಾಕಿದರು. ಓಣಿಯವರು ಮೊದಲ ವಾರದಲ್ಲೇ ಅವಳನ್ನು ಕಿಷ್ಟವ್ವ ಮಾಡಿದರು.

ಶಾಲೆಯಲ್ಲಿ ಅವಳಿಗೆ ಯಾವುದೂ ಅರ್ಥವಾಗುತ್ತಿರಲಿಲ್ಲ. ಮಾಸ್ತರು ಬಂದರೆ ಎಲ್ಲರೂ ಎದ್ದು ರಾಗವಾಗಿ ನಮಸ್ಕಾರ ಹೇಳುವುದು ಯಾಕೆ, ಒಬ್ಬರು ಓದಿದ ಸಾಲನ್ನು ಐವತ್ತು ಜನ ಮತ್ತೆ ಕೂಗುವುದು ಯಾಕೆ, ಬಾಯಿಗೆ ಲೋಟ ತಾಗಿಸದೆ ಮೇಲಿಂದ ನೀರು ಸುರಿದುಕೊಳ್ಳುವುದು ಯಾಕೆ. ಒಂದು ಸಣ್ಣ ಪುಸ್ತಕದಲ್ಲಿ ಇವನ್ನೆಲ್ಲ ಬರೆದುಕೊಂಡು ನನ್ನನ್ನು ಕೇಳುತ್ತಿದ್ದಳು. ನನ್ನ ಇಂಗ್ಲಿಷು ಪಠ್ಯಪುಸ್ತಕದ್ದು. ಅದರಲ್ಲಿ ಉತ್ತರ ಹೇಳಲು ಆಗುತ್ತಿರಲಿಲ್ಲ. ಕನ್ನಡದಲ್ಲಾದರೂ ಉತ್ತರ ಗೊತ್ತಿತ್ತೇ ಅಂದರೆ ಅದೂ ಇಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೋ ಅಂತ ಒಂದು ದಿನ ಹೇಳಿಕೊಟ್ಟೆ. ಮರುದಿನ ಬೆಂಚಿಗೆ ಕಾಲು ತಗುಲಿದ್ದಕ್ಕೆ ಬೆಂಚಿಗೂ ನಮಸ್ಕಾರ ಮಾಡಿದಳು. ನಕ್ಕೆ. ಬೆಂಚಿಗೆ ಯಾಕೆ ಬೇಡ ಅಂತ ಕೇಳಿದಳು.

ಇಷ್ಟೇ ಆಗಿದ್ದರೆ ಅವಳು ಕಲಿತುಕೊಂಡು ಬಿಡುತ್ತಿದ್ದಳು. ಆದರೆ ಅವ್ವ ಒಂದು ದಿನ ಹೊಲದ ಕೆಲಸ ಬಿಟ್ಟು ಶಾಲೆಗೆ ಬಂದಳು. ನಮ್ಮ ಕ್ಲಾಸ್ ಮಾಸ್ತರು ವೆಂಕೋಬ, ಚಂದ್ರಬಂಡದವರು, ಬೆತ್ತಕ್ಕೆ ಹೆಸರಾದವರು. ಅವ್ವ ಅವರ ಮುಂದೆ ಸೆರಗು ಸರಿಮಾಡಿಕೊಂಡು ನಿಂತಳು.

"ಸರ್, ಆ ಹುಡುಗಿಗೆ ಬೈಬ್ಯಾಡ್ರಿ, ಹೊಡಿಬ್ಯಾಡ್ರಿ. ನಮ್ಮ ಕನಕ ಅಲ್ಲಿ ಅದಾಳ. ಕೊಟ್ಟು ತಂದೀವಿ."

ಮಾಸ್ತರರಿಗೆ ನಗು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅವರ ಮನೆಯಲ್ಲೂ ಅಂಥದೇ ಸಂಬಂಧ ಇತ್ತು ಅಂತ ಆಮೇಲೆ ತಿಳಿಯಿತು. ಗಂಭೀರವಾಗಿ ತಲೆ ಆಡಿಸಿ, "ತಿಳೀತು ತಿಮ್ಮವ್ವ, ನಾ ಎಲ್ಲಾ ಮಾಸ್ತರಿಗೂ ಹೇಳ್ತೀನಿ," ಅಂದರು.

ಅವತ್ತಿನಿಂದ ಶಾಲೆಗೆ ಶಾಲೆಯೇ ಅವಳನ್ನು ಹಸುಗೂಸಿನಂತೆ ಸಾಕತೊಡಗಿತು. ಮನೆಪಾಠ ಮಾಡದವರೆಲ್ಲ ಬೆಂಚಿನ ಮೇಲೆ ನಿಲ್ಲಬೇಕು, ಅವಳು ಬೇಡ. ಅವಳೇ ಏಳಲು ಹೋದರೆ ಮಾಸ್ತರು, "ಕೂಡವಾ, ಕೂಡು," ಅನ್ನುತ್ತಿದ್ದರು. ಸಂಜೆ ಖೋ ಖೋ ಆಟದಲ್ಲಂತೂ ನೋಡಬೇಕಿತ್ತು. ನಮ್ಮ ಜಾಹೆದಾ, ಬಳೆ ಅಂಗಡಿ ವಲಿ ಪಾಷಾನ ಮಗಳು, ಬೆನ್ನು ಹತ್ತಿದರೆ ಯಾರನ್ನೂ ಬಿಡುವವಳಲ್ಲ. ಕಿಷ್ಟವ್ವ ಮುಂದೆ ಓಡುತ್ತಿದ್ದರೆ ಅದೇ ಜಾಹೆದಾ ಕಾಲು ನೋವು ಅಂತ ಕುಂಟುತ್ತಿದ್ದಳು. ಯಾರೂ ಮುಟ್ಟುತ್ತಿರಲಿಲ್ಲ. ಕಿಷ್ಟವ್ವ ಓಡಿ ಓಡಿ ಕೊನೆಗೆ ತಾನೇ ನಿಂತು ಹಿಂದಿರುಗಿ ನೋಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ಅವಳ ಮುಖ ಹೇಗಾಗುತ್ತಿತ್ತು ಅಂದರೆ, ತಪ್ಪು ಬಸ್ಸು ಹತ್ತಿ ಗುರುತಿಲ್ಲದ ದೇವದುರ್ಗದಲ್ಲಿ ಇಳಿದವಳ ಹಾಗೆ.

ಯಾಕೆ ಯಾರೂ ಹಿಡಿಯುವುದಿಲ್ಲ ಅಂತ ಅದನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಾನು ನಕ್ಕು, "ನೀನು ಬಹಳ ಜೋರಾಗಿ ಓಡುತ್ತೀ," ಅಂದೆ.

ಅರ್ಧ ವರ್ಷದ ಪರೀಕ್ಷೆ ಬಂತು. ಗಣಿತ, ಇಂಗ್ಲಿಷು ಅವಳು ನಿಜವಾಗಿ ಚೆನ್ನಾಗಿ ಬರೆದಳು, ಅದಕ್ಕೆ ನನ್ನ ತಕರಾರು ಇಲ್ಲ. ಕನ್ನಡದ ಪೇಪರಿನಲ್ಲಿ ತನ್ನ ಹೆಸರು ಬರೆದು, ಒಂದು ಆಕಳ ಚಿತ್ರ ತೆಗೆದು, ಕೆಳಗೆ 'ಆಕಳು' ಅಂತ ಬರೆದಳು. ಅಷ್ಟೇ. ಅದಕ್ಕೆ ಅರವತ್ತೆಂಟು ಅಂಕ ಬಿತ್ತು. ಸಮಾಜದಲ್ಲಿ ಪ್ರಶ್ನೆಯನ್ನೇ ಓದಲು ಬಾರದವಳಿಗೆ ಎಪ್ಪತ್ತೊಂದು. ಬೀಗರ ಎಲೆಗೆ ಬೇಡ ಬೇಡ ಅಂದರೂ ಹೋಳಿಗೆ ಹಾಕುತ್ತೇವಲ್ಲ, ಹಾಗೆ ಮಾಸ್ತರುಗಳು ಸರದಿಯಲ್ಲಿ ಬಂದು ಅಂಕ ಬಡಿಸಿದ್ದರು. ಎಲ್ಲ ಕೂಡಿಸಿದರೆ ನನಗಿಂತ ಒಂಬತ್ತು ಹೆಚ್ಚು.

ಇಷ್ಟಾಗುತ್ತದೆ ಅಂತ ಮಾಸ್ತರರೂ ಅಂದುಕೊಂಡಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಉಪಚಾರ ಮಾಡಿದ್ದರು, ಕೂಡಿಸಿ ನೋಡಿದವರು ಯಾರೂ ಇರಲಿಲ್ಲ. ವೆಂಕೋಬ ಮಾಸ್ತರು ನಂಬರು ಓದುವಾಗ ನನ್ನ ಕಡೆ ನೋಡಲಿಲ್ಲ.

ನಾಲ್ಕು ದಿನ ಅವಳು ಪುಸ್ತಕ ಹಿಡಿದಳು, ನಾನು ಹೆಸರು ಕೂಗಿದೆ. ಐದನೆಯ ದಿನ ಬೆಳಿಗ್ಗೆ ಗೋಡೆಯ ಆಚೆ ಅಪ್ಪನ ಸೈಕಲ್ ನಿಂತ ಸಪ್ಪಳ ಕೇಳಿತು. ನನ್ನ ದನಿ ಅವನಿಗೆ ಎಂದಿನಂತೆಯೇ ಕೇಳಿಸಿರಬೇಕು, ಸಮಾಧಾನದಿಂದ ಬೆಲ್ ಬಾರಿಸಿ ಹೋದ. ನಂಬರಿನ ವಿಷಯ ನಾನು ಮನೆಯಲ್ಲಿ ಹೇಳಿರಲಿಲ್ಲ. ಆಗ ನನಗೆ ತಡೆಯಲಾಗಲಿಲ್ಲ.

ಸಂಜೆ ಮನೆಯ ಹಿತ್ತಲಲ್ಲಿ ಅವಳ ಕನ್ನಡದ ಪೇಪರು ತೆಗೆದು ಅವಳ ತೊಡೆಯ ಮೇಲೆ ಇಟ್ಟೆ. ನನ್ನ ಪಠ್ಯಪುಸ್ತಕದ ಇಂಗ್ಲಿಷಿನಲ್ಲೇ ಹೇಳಿದೆ, ನೀನು ಮೊದಲ ನಂಬರು ಅಲ್ಲ, ನೀನು ಅತಿಥಿ. ಈ ಆಕಳಿಗೆ ಅರವತ್ತೆಂಟು ಯಾರೂ ಕೊಡುವುದಿಲ್ಲ. ಜಾಹೆದಾಳ ಕಾಲಿಗೆ ಏನೂ ಆಗಿಲ್ಲ. ನಿನ್ನನ್ನು ಹಿಡಿಯಬಾರದು ಅಂತ ಹೇಳಿದ್ದಾರೆ, ಅದಕ್ಕೇ ಹಿಡಿಯುವುದಿಲ್ಲ.

ಅವಳು ಪೇಪರನ್ನು ಕೈಗೆತ್ತಿಕೊಂಡಳು. "ನಾನು ಎಲ್ಲರನ್ನೂ ಕೇಳುತ್ತಲೇ ಇದ್ದೆ. ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ನೀನೂ ನಕ್ಕೆ," ಅಂದಳು. ಆಮೇಲೆ ಅಳತೊಡಗಿದಳು. ಅಷ್ಟು ಎತ್ತರದ ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುದುಡಿ ಕೂತು ಬಿಕ್ಕಿದಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಅದು ಇನ್ನೂ ಸಿಟ್ಟು ತಂದಿತು.

ಕಳೆ ಕಿತ್ತು ಹೊಲದಿಂದ ಬಂದ ಅವ್ವ ಇದನ್ನು ನೋಡಿದಳು. ಬುಟ್ಟಿ ಇಳಿಸುವುದನ್ನೂ ಮರೆತು ನಿಂತಳು.

"ಏನ್ ಮಾಡಿದೆಬೇ ಪಾರಿ?"

"ಖರೆ ಹೇಳಿದೆ."

"ಅಲ್ಲಿ ನಿಮ್ಮಕ್ಕ ಅಳಾಕತ್ತಾಳ," ಅಂದಳು ಅವ್ವ. ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ಒಲೆಯ ಮುಂದೆ ಹೋಗಿ ಕೂತವಳು ಅವತ್ತು ಒಲೆ ಹಚ್ಚಲೇ ಇಲ್ಲ. ಅಪ್ಪ ಬಂದು ವಿಷಯ ಕೇಳಿ, ಮೊದಲ ನಂಬರು ಹೋದದ್ದನ್ನೂ ಕೇಳಿ, ನನ್ನ ತಲೆಯ ಮೇಲೆ ಕೈ ಇಟ್ಟ. ಆಮೇಲೆ ಕಿರ್ಸ್ಟನ್ ತಲೆಯ ಮೇಲೂ ಇಟ್ಟ. ಯಾರಿಗೆ ಸಮಾಧಾನ ಹೇಳಬೇಕು ಅಂತ ತಿಳಿಯದೆ ಮಿರ್ಚಿ ಮಂಡಕ್ಕಿ ತರಲು ಹೋದ.

ಅವತ್ತಿನಿಂದ ಅವ್ವ ಟಪಾಲಿನವನ ದಾರಿ ಕಾಯತೊಡಗಿದಳು. ಹನ್ನೆರಡು ದಿನಕ್ಕೆ ಸರಿಯಾಗಿ ಕನಕಕ್ಕನ ಕಾಗದ ಬಂತು. ನಾನೇ ಓದಿದೆ.

ಮೊದಲೆಲ್ಲ ಚಳಿ, ಬೆಣ್ಣೆ, ಮೀನು. ನಡುವೆ ಹೀಗೆ ಬರೆದಿದ್ದಳು: "ಯವ್ವಾ, ಇಲ್ಲಿ ಎಲ್ಲರೂ ಬಹಳ ಒಳ್ಳೆಯವರು. ಶಾಲೆಯಲ್ಲಿ ಬೇರೆಯವರ ಪೇಪರಿನ ತುಂಬ ಕೆಂಪು ಗೆರೆ ಇರುತ್ತದೆ, ನಾನು ಏನು ಬರೆದರೂ ಮೇಡಂ ನಕ್ಕು ಚೆನ್ನಾಗಿದೆ ಅನ್ನುತ್ತಾರೆ. ಆಟದಲ್ಲಿ ಚೆಂಡನ್ನು ಮೆಲ್ಲಗೆ ನನ್ನ ಕೈಗೆ ತಂದು ಕೊಡುತ್ತಾರೆ. ನನಗೆ ಯಾರೂ ಬೈಯುವುದಿಲ್ಲ. ನಾನು ಇಲ್ಲಿ ಇದ್ದೀನೋ ಇಲ್ಲವೋ ಅಂತ ನನಗೇ ಗೊತ್ತಾಗುತ್ತಿಲ್ಲ. ಮಂಗಳವಾರ ಬಚ್ಚಲುಮನೆಯಲ್ಲಿ ಕೂತು ಅತ್ತೆ. ಯಾಕೆ ಅಂತ ಕೇಳಬೇಡಿ."

ಅವ್ವ ಹೇಳಿದ್ದೇ ನಿಜವೇ ಅನ್ನಿಸಿತು. ಆದರೆ ನಾನು ಲೆಕ್ಕದಲ್ಲಿ ಬಲವಾದವಳು. ತಾರೀಖು ನೋಡಿದೆ. ಕಿರ್ಸ್ಟನ್ ಅತ್ತದ್ದು ಗುರುವಾರ. ಅಕ್ಕ ಅತ್ತದ್ದು ಅದಕ್ಕೂ ಎರಡು ದಿನ ಮೊದಲು.

"ಯವ್ವಾ, ನಾ ಅಳಿಸಿದ್ದಕ್ಕ ಅಲ್ಲ. ಅಕ್ಕ ಮೊದಲs ಅತ್ತಾಳ, ನೋಡು ತಾರೀಖು," ಅಂದೆ.

"ಹಂಗಾರ ಅಲ್ಲಿಂದ ಇಲ್ಲಿಗೆ ಬಂತು," ಅಂದಳು ಅವ್ವ. ಇವಳ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಆಮೇಲೆ ಆ ನಡುವಿನ ಸಾಲುಗಳನ್ನು ಮತ್ತೊಮ್ಮೆ ಓದಿಸಿಕೊಂಡಳು. ಯಾರೂ ಬೈಯುವುದಿಲ್ಲ ಅನ್ನುವಲ್ಲಿ, "ನಿಲ್ಲು," ಅಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ:

"ಆ ಬಂಡಿ ಜಗಳ ಆದ ಮ್ಯಾಲ ನಿಮ್ಮಜ್ಜಿ ಮೂರು ವರ್ಷ ನನಗ ಒಂದು ಮಾತು ಅನ್ನಲಿಲ್ಲ. ಪಲ್ಯಕ್ಕ ಉಪ್ಪು ಹೆಚ್ಚಾದರೂ ಸುಮ್ಮನ ಉಂಡು ಏಳಾಕಿ. ತನ್ನ ಮಗಳಿಗೆ ಅಲ್ಲಿ ಏನಾಗ್ತದೋ ಅಂತ ಅಂಜಿಕಿ. ಎಲ್ಲರೂ ನನಗ ಚಲೋನs ಇದ್ರು. ಆದರ ನಾ ಮಾತಾಡಿದರೂ ಅಷ್ಟ, ಬಿಟ್ಟರೂ ಅಷ್ಟ. ಒಂದಿನ ಹಾಲು ಉಕ್ಕಿಸಿದೆ. 'ಕಣ್ಣು ಎಲ್ಲಿ ಇಟ್ಟಿದ್ದೆಬೇ' ಅಂತ ಬೈದಳು. ಅವತ್ತು ನಾ ಈ ಮನಿಯಾಕಿ ಆದೆ."

ಅಷ್ಟರಲ್ಲಿ ಕಿರ್ಸ್ಟನ್ ಹೊರಗಿನಿಂದ ಬಂದಳು, ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ದಿನಾ ಹಾಗೇ ಒಳಗೆ ಬರುತ್ತಿದ್ದಳು, ಅವ್ವ ದಿನಾ ಹಿಂದಿನಿಂದ ಹೋಗಿ ಒರೆಸುತ್ತಿದ್ದಳು. ಅವತ್ತು ಕೂತಲ್ಲಿಂದಲೇ ಕೂಗಿದಳು:

"ಏ ಕಿಷ್ಟಿ, ಒಲಿ ಮುಂದ ಚಪ್ಪಲಿ ಹಾಕ್ಕೊಂಡು ಬರ್ತೀಯೇನು? ಹೊರಗ ಬಿಟ್ಟು ಬಾರಬೇ."

ಮಾತು ಅವಳಿಗೆ ಎಷ್ಟು ತಿಳಿಯಿತೋ, ದನಿ ಮಾತ್ರ ಪೂರ್ತಿ ತಿಳಿಯಿತು. ಬೆದರಿ ನನ್ನ ಕಡೆ ನೋಡಿದಳು. ನಾನು ಅವಳ ಕಾಲು ತೋರಿಸಿದೆ. ಓಡಿಹೋಗಿ ಚಪ್ಪಲಿ ಬಿಟ್ಟು ಬಂದಳು. ಅವ್ವ ಏನೂ ಆಗಿಲ್ಲವೆಂಬಂತೆ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗೆ ಕೊಟ್ಟಳು.

ಮರುದಿನ ಅವ್ವ ಮತ್ತೆ ಶಾಲೆಗೆ ಬಂದಳು. "ಸರ್, ತಪ್ಪಾತ್ರಿ. ಆ ಹುಡುಗಿಗೆ ಎಲ್ಲರಂಗ ಬೈರಿ. ಅಕಿದು ಎಷ್ಟದನೋ ಅಷ್ಟs ಹಾಕ್ರಿ. ಇಲ್ಲಿ ಬೈದರ ಅಲ್ಲಿ ನಮ್ಮ ಹುಡುಗಿಗೂ ಯಾರರೆ ಬೈತಾರ."

ವೆಂಕೋಬ ಮಾಸ್ತರು ಇದಕ್ಕೂ ಗಂಭೀರವಾಗಿ ತಲೆ ಆಡಿಸಿದರು. ಅವರಿಗೆ ಎಷ್ಟು ಹಗುರಾಯಿತೋ, ತರಗತಿಗೆ ಬಂದವರೇ ಕಿರ್ಸ್ಟನ್‌ಳ ಕನ್ನಡದ ಪೇಪರು ಕೇಳಿ ಪಡೆದು, ಅರವತ್ತೆಂಟನ್ನು ಹೊಡೆದು ಹಾಕಿ 'ಐದು' ಅಂತ ಬರೆದರು. ಹೆಸರಿಗೆ ಮೂರು, ಆಕಳಿಗೆ ಎರಡು. ಸಮಾಜದ ಮಾಸ್ತರರೂ ತಮ್ಮ ಎಪ್ಪತ್ತೊಂದನ್ನು ಒಳಗೆ ಎಳೆದುಕೊಂಡರು. ಮನೆಪಾಠ ಮಾಡದ ಐದು ಜನ ಬೆಂಚಿನ ಮೇಲೆ ನಿಂತರು, ಐದನೆಯವಳು ಕಿರ್ಸ್ಟನ್. ಅವಳ ತಲೆ ತೊಲೆಗೆ ತಗುಲಿತು. ಇಡೀ ತರಗತಿ ನಕ್ಕಿತು, ಅವಳೂ ತೊಲೆ ಹಿಡಿದುಕೊಂಡು ನಕ್ಕಳು. ಇಳಿದ ಮೇಲೆ ಹಾಜರಿ ಪುಸ್ತಕವನ್ನು ಎರಡೂ ಕೈಯಿಂದ ನನಗೆ ಕೊಟ್ಟಳು. ಆಮೇಲೆ ಆ ಐದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಅಷ್ಟು ಕಡಿಮೆ ಅಂಕಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಇಷ್ಟು ವರ್ಷ ಮಾಸ್ತರಿಕೆ ಮಾಡಿಯೂ ಮತ್ತೆ ನೋಡಿಲ್ಲ.

ಸಂಜೆ ಖೋ ಖೋ. ಜಾಹೆದಾ ಇನ್ನೂ ಅನುಮಾನದಲ್ಲೇ ಇದ್ದಳು. ನಾನು ಅವಳಿಂದ ಖೋ ತೆಗೆದುಕೊಂಡು ಎದ್ದೆ. ಕಿರ್ಸ್ಟನ್ ಓಡಿದಳು. ನನ್ನಲ್ಲಿ ಆರು ತಿಂಗಳಿಗಾಗುವಷ್ಟು ಸಿಟ್ಟು ಉಳಿದಿತ್ತು, ಪುಸ್ತಕ ಕೈಗೆ ಬಂದರೂ ಅದು ಹೋಗಿರಲಿಲ್ಲ. ಕಂಬದ ಹತ್ತಿರ ಹಾರಿ ಅವಳ ಬೆನ್ನಿಗೆ ಎಷ್ಟು ಜೋರಾಗಿ ಬಡಿದೆ ಅಂದರೆ ಇಬ್ಬರೂ ಮಣ್ಣಿನಲ್ಲಿ ಉರುಳಿದೆವು. ಎಲ್ಲರೂ ಆಟ ಬಿಟ್ಟು ನಿಂತರು. ಅವಳ ಬಲ ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಅವಳು ಅದನ್ನು ನೋಡಿಕೊಂಡು, ನನ್ನ ಕಡೆ ತಿರುಗಿ, ಕನ್ನಡದಲ್ಲಿ ಹೇಳಿದಳು:

"ಈಗ ಹಿಡಿದಿ."

ಕೈ ಕೊಟ್ಟು ಎಬ್ಬಿಸಿದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಕುಂಟುತ್ತ, ನಾನು ಅವಳ ಚೀಲವನ್ನೂ ಹೊತ್ತು, ಮನೆಗೆ ಬಂದೆವು.

ಅವ್ವ ಬಾಗಿಲಲ್ಲಿ ರಕ್ತ ನೋಡಿದಳು. ಆಮೇಲೆ ಅರಿಷಿಣ ತಂದು, ಒತ್ತಿ ಹಚ್ಚಿ, ಇಬ್ಬರಿಗೂ ಸೇರಿಸಿ ಬೈದಳು. ಕಣ್ಣು ಎಲ್ಲಿ ಇಟ್ಟಿದ್ರಿಬೇ ಅಂದಳು. ಬೈಯುವುದು ಮುಗಿದ ಮೇಲೆ ಗೂಡಿನಿಂದ ವಿದೇಶದ ಟಪಾಲು ಹಾಳೆ ತೆಗೆದು ನನ್ನ ಮುಂದೆ ಇಟ್ಟಳು.

"ಕನಕಗ ಬರಿ. ಮೊಣಕಾಲು ಹೆಂಗದ ಅಂತ ಕೇಳು."

"ಯವ್ವಾ, ಇಲ್ಲಿ ಬಿದ್ದರ ಅಲ್ಲಿ ಹೆಂಗ ಗಾಯ ಆಗ್ತದ? ನಾ ಒಂಬತ್ತನೇ ಕ್ಲಾಸ್ ಓದಾಕತ್ತೀನಿ," ಅಂದೆ.

"ಬರಿ ಅಂದೆ. ಬಲಗಾಲು ಅಂತ ಬರಿ."

ನಾನು ಬರೆದೆ. ಬಲಗಾಲು ಅಂತಲೂ ಬರೆದೆ. ಅಲ್ಲಿ ನಿನಗೆ ಯಾರಾದರೂ ಬೈಯತೊಡಗಿದರೇ ಅಂತ ಕೆಳಗೆ ನಾನೇ ಒಂದು ಸಾಲು ಸೇರಿಸಿದೆ. ಕಿರ್ಸ್ಟನ್ ತನ್ನ ಮೂರು ಅಂಕದ ಹೆಸರು ಬರೆದಳು. ಇದನ್ನೆಲ್ಲ ನಂಬದ ನಾನು, ಕಾಗದ ಹಾಕಿದ ದಿನದಿಂದ ಅವ್ವನ ಜೊತೆ ಬಾಗಿಲಲ್ಲಿ ಕೂತು ಟಪಾಲಿನವನ ದಾರಿ ನೋಡಿದೆ.